ಮೂರು ಗುಲಗಂಜಿ ಹೆಚ್ಚಾದರೆ

ಅಳತೆಗೆ ಕಡಿಮೆ ಬಿದ್ದದ್ದನ್ನು ನಾವು ಸುಲಭವಾಗಿ ಮೋಸ ಎನ್ನುತ್ತೇವೆ. ಅಳತೆಗಿಂತ ಹೆಚ್ಚಾದದ್ದನ್ನು ಏನೆನ್ನಬೇಕು? ಸಂತೆಯಲ್ಲಿ ಸೇರು ತುಂಬಿ ಅಳೆದ ಮೇಲೆ ಇನ್ನೊಂದು ಹಿಡಿ ಸುರಿದರೆ ಅದು ಕೊಸರು. ಕೊಟ್ಟವಳಿಗೂ ಸಂತೋಷ, ತೆಗೆದುಕೊಂಡವಳಿಗೂ ಸಂತೋಷ. ಆದರೆ ಹೆಚ್ಚಾದದ್ದಕ್ಕೆ ಎಲ್ಲಿಯೂ ಬೆಲೆಯಿಲ್ಲದ, ಅದನ್ನು ಕತ್ತರಿಸಿ ತೆಗೆದರೆ ಮಾತ್ರ ಲೆಕ್ಕ ಸರಿಯಾಗುವ ಒಂದು ಕಾಲ ಬಂದರೆ? ಆಗ ಒಳ್ಳೆಯ ಮನುಷ್ಯನೊಬ್ಬ ಕತ್ತರಿ ಹಿಡಿಯಬೇಕೇ, ಬೇಡವೇ?

ಇದು ನಾನು ಕುಳಿತು ಕಟ್ಟಿದ ಪ್ರಶ್ನೆಯಲ್ಲ. ಇನ್ನೂರನಲವತ್ತು ವರ್ಷಗಳ ಹಿಂದೆ ಅಮೆರಿಕದಲ್ಲಿ ಜನ ದಿನವೂ ಎದುರಿಸಿದ ಪ್ರಶ್ನೆ. ನನಗೆ ಇದರ ಸುಳಿವು ಸಿಕ್ಕಿದ್ದು ಒಂದು ಹಳೆಯ ಚಿನ್ನದ ನಾಣ್ಯದ ಚಿತ್ರದಿಂದ. ನಾಣ್ಯದ ಮೇಲೆ ಪೋರ್ಚುಗಲ್ ದೇಶದ ರಾಜನ ಮುಖ. ಗುಂಗುರು ಕೂದಲು, ತಲೆಯ ಮೇಲೆ ಎಲೆಗಳ ಕಿರೀಟ, ಉಬ್ಬಿದ ಕೆನ್ನೆ. ಆ ಮುಖದ ನಡುವೆಯೇ ಯಾರೋ ಒಂದು ಪುಟ್ಟ ಅಂಡಾಕಾರದ ಮುದ್ರೆ ಒತ್ತಿದ್ದರು. ಅದರೊಳಗೆ ಇಂಗ್ಲಿಷಿನ ಎರಡು ಅಕ್ಷರ: ಇ, ಬಿ. ನಾಣ್ಯದ ಅಂಚೂ ಸರಿಯಾದ ದುಂಡಗಿರಲಿಲ್ಲ. ರಾಜನ ಮುಖದ ಮೇಲೆ ತನ್ನ ಹೆಸರನ್ನು ಒತ್ತುವ ಧೈರ್ಯ ಯಾರಿಗೆ ಬಂದೀತು ಎಂದು ಕುತೂಹಲವಾಯಿತು. ಹುಡುಕುತ್ತ ಹೋದೆ.

1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಅಮೆರಿಕಕ್ಕೆ ಸ್ವಂತ ಚಿನ್ನದ ನಾಣ್ಯವೇ ಇರಲಿಲ್ಲ. ಇಂಗ್ಲೆಂಡಿನ ವಸಾಹತುಗಳಾಗಿದ್ದಾಗಲೂ ಇರಲಿಲ್ಲ. ವ್ಯಾಪಾರದ ಹಡಗುಗಳ ಜೊತೆ ಬಂದ ಪರದೇಶದ ನಾಣ್ಯಗಳೇ ಅಲ್ಲಿನವರ ಹಣ. ಸ್ಪೇನಿನ ಬೆಳ್ಳಿ ಡಾಲರ್, ಚಿನ್ನದ ಡಬ್ಲೂನ್, ಇಂಗ್ಲೆಂಡಿನ ಗಿನಿ, ಫ್ರಾನ್ಸಿನ ಲೂಯಿ, ಪೋರ್ಚುಗಲ್ಲಿನ ಜೋ. ಸಾಲದ್ದಕ್ಕೆ ಲೆಕ್ಕ ಬರೆಯುವ ರೀತಿ ಒಂದೊಂದು ರಾಜ್ಯದಲ್ಲಿ ಒಂದೊಂದು. ಒಂದು ಸ್ಪ್ಯಾನಿಷ್ ಡಾಲರಿಗೆ ನ್ಯೂಯಾರ್ಕಿನಲ್ಲಿ ಎಂಟು ಶಿಲಿಂಗ್, ಪೆನ್ಸಿಲ್ವೇನಿಯದಲ್ಲಿ ಏಳೂವರೆ, ನ್ಯೂ ಇಂಗ್ಲೆಂಡಿನಲ್ಲಿ ಆರು. ಅಂಗಡಿಯವರು, ವೈದ್ಯರು, ಹೋಟೆಲು ನಡೆಸುವ ವಿಧವೆಯರು, ಎಲ್ಲರ ಬಳಿಯೂ ಅಂಗೈಯಗಲದ ಪೆಟ್ಟಿಗೆಯಲ್ಲಿ ಮಡಚಿಡುವ ತಕ್ಕಡಿ ಮತ್ತು ಒಂದೊಂದು ನಾಣ್ಯಕ್ಕೆಂದೇ ಮಾಡಿದ ಹಿತ್ತಾಳೆಯ ತೂಕದ ಬಟ್ಟುಗಳು ಇರುತ್ತಿದ್ದವು. 1785ರಲ್ಲಿ ಜಾರ್ಜ್ ವಾಷಿಂಗ್ಟನ್ ಒಂದು ಪತ್ರದಲ್ಲಿ ಇದನ್ನೇ ಹೇಳಿಕೊಂಡು ಬೇಸರಪಟ್ಟಿದ್ದಾರೆ. ಜೇಬಿನಲ್ಲಿ ತಕ್ಕಡಿಯಿಲ್ಲದೆ ಪ್ರಯಾಣ ಹೊರಟರೆ ತೂಕದಲ್ಲಿ ಕಾಲುಭಾಗ ಕಡಿಮೆಯಿರುವ ಚಿನ್ನ ಕೈಗೆ ಬರುವ ಅಪಾಯವುಂಟು ಎಂಬ ಅರ್ಥದ ಮಾತು ಅದು. ಕಾಲುಭಾಗ! ನಮ್ಮಲ್ಲಿ ಯಾವ ಗಿರವಿ ಅಂಗಡಿಯವನೂ ಅಷ್ಟು ಧೈರ್ಯ ಮಾಡಲಾರ.

ಇವುಗಳಲ್ಲಿ ಜೋ ನನಗೆ ಬಹಳ ಇಷ್ಟವಾದ ನಾಣ್ಯ. ರಾಜ ಐದನೆಯ ಜೊವಾನ್‌ನ ಹೆಸರು ಲ್ಯಾಟಿನ್ನಿನಲ್ಲಿ ಜೊಹಾನೆಸ್. ಅಮೆರಿಕದ ಜನ ಅದನ್ನು ಸಲಿಗೆಯಿಂದ ಜೋ ಮಾಡಿಕೊಂಡರು. ಹೆಚ್ಚು ಓಡಾಡುತ್ತಿದ್ದುದು ಅದರ ಅರ್ಧದ ನಾಣ್ಯ, ಹಾಫ್ ಜೋ. ಟಂಕಸಾಲೆಯಿಂದ ಹೊರಬಂದಾಗ ಅದರ ತೂಕ 14.3 ಗ್ರಾಂಗೆ ತುಸು ಮೇಲೆ, ಅವರ ಲೆಕ್ಕದಲ್ಲಿ 221 ಗ್ರೇನ್. ಆದರೆ ನ್ಯೂಯಾರ್ಕ್, ಫಿಲಡೆಲ್ಫಿಯಗಳ ವ್ಯಾಪಾರಿಗಳೂ ಬ್ಯಾಂಕುಗಳೂ ಎಂಟು ಡಾಲರ್ ಕೊಟ್ಟು ಕೊಳ್ಳುತ್ತಿದ್ದ ಹಾಫ್ ಜೋಗೆ 216 ಗ್ರೇನ್ ಇದ್ದರೆ ಸಾಕಿತ್ತು. 1784ರಲ್ಲಿ ಬ್ಯಾಂಕ್ ಆಫ್ ನ್ಯೂಯಾರ್ಕ್ ಶುರುವಾದಾಗ ಅದು ಪ್ರಕಟಿಸಿದ ಪಟ್ಟಿಯಲ್ಲೂ ಇದೇ ತೂಕ, ಇದೇ ಬೆಲೆ. ವ್ಯತ್ಯಾಸ ಐದು ಗ್ರೇನ್. ನಮ್ಮ ಅಜ್ಜಿಯರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಮೂರು ಗುಲಗಂಜಿ.

ಇಲ್ಲಿಂದ ಗಮನವಿಟ್ಟು ನೋಡಬೇಕು. ನಿಮ್ಮ ಕೈಯಲ್ಲಿ ಪೂರ್ತಿ ತೂಕದ ಹಾಫ್ ಜೋ ಇದೆ. ಅದನ್ನು ಎಣಿಸಿಕೊಟ್ಟರೂ ಎಂಟು ಡಾಲರ್, ಪಕ್ಕದ ಮನೆಯವಳು ಮೂರು ಗುಲಗಂಜಿ ಕಡಿಮೆಯದನ್ನು ಕೊಟ್ಟರೂ ಎಂಟು ಡಾಲರ್. ನೀವು ಹಾಗೇ ಕೊಟ್ಟುಬಿಟ್ಟರೆ ನಾಣ್ಯ ಹಾಗೇ ಉಳಿಯುವುದೂ ಇಲ್ಲ. ಮುಂದಿನ ಕೈ ಅದನ್ನು ಕತ್ತರಿಸುತ್ತದೆ, ಇಲ್ಲವೇ ಹಡಗು ಹತ್ತಿಸಿ ತೂಕಕ್ಕೆ ಬೆಲೆಯಿರುವ ಊರಿಗೆ ಕಳಿಸುತ್ತದೆ. ನಿಮ್ಮ ಔದಾರ್ಯದಿಂದ ಯಾರಿಗೋ ಲಾಭ. ನಾಣ್ಯಕ್ಕೂ ಇಲ್ಲ, ಊರಿಗೂ ಇಲ್ಲ. ಹೀಗಾಗಿ ತೂಕ ಕಡಿಮೆಯಾದ ನಾಣ್ಯಗಳನ್ನು ರಿಪೇರಿ ಮಾಡುವ ಅಕ್ಕಸಾಲಿಗಳ ಬಳಿಗೆ ತೂಕ ಹೆಚ್ಚಾದ ನಾಣ್ಯಗಳೂ ಬರತೊಡಗಿದವು. ಹೆಚ್ಚಿದ್ದರೆ ಅಂಚು ಕತ್ತರಿಸುವುದು, ಅರದಿಂದ ಉಜ್ಜುವುದು. ಕಡಿಮೆಯಿದ್ದರೆ ನಡುವೆ ಒಂದು ತೂತು ಕೊರೆದು, ಕಿತ್ತದ್ದಕ್ಕಿಂತ ಹೆಚ್ಚು ತೂಕದ ಚಿನ್ನದ ಬಿರಡೆ ಕೂರಿಸಿ, ಬಡಿದು, ಒಪ್ಪಮಾಡುವುದು. ತೂಕ ಸರಿಯಾಯಿತೆಂದು ಕಂಡಮೇಲೆ ಬಿರಡೆಯ ಮೇಲೆ ತಮ್ಮ ಹೆಸರಿನ ಅಕ್ಷರ ಒತ್ತುವುದು. ರಾಜನ ಮುಖದ ಮೇಲಿನ ಮುದ್ರೆಯ ಗುಟ್ಟು ಇದು.

ಈ ಕತ್ತರಿಯ ಕೆಲಸಕ್ಕೆ ಸಿಕ್ಕಿಕೊಂಡು ಒದ್ದಾಡಿದ ಒಬ್ಬ ಮನುಷ್ಯನ ಪತ್ರ ಉಳಿದುಬಂದಿದೆ. ಅವರು ಟಿಮೊಥಿ ಪಿಕರಿಂಗ್. ಅಮೆರಿಕದ ಸ್ವಾತಂತ್ರ್ಯಯುದ್ಧದ ಸೇನೆಗೆ ಸಾಮಾನು ಸರಂಜಾಮು ಒದಗಿಸುವ ಇಲಾಖೆಯ ಮುಖ್ಯಸ್ಥರು. ಮುಂದೆ ದೇಶದ ವಿದೇಶಾಂಗ ಮಂತ್ರಿಯೂ ಆದರು. 1782ರ ಮಾತು. ಸೇನೆಗೆ ಹಣದ ಬರ, ಸೈನಿಕರಿಗೆ ಸಂಬಳವಿಲ್ಲ. ಅವರ ಕೈಗೆ ಬಂದದ್ದು ಫ್ರಾನ್ಸಿನ ಚಿನ್ನದ ನಾಣ್ಯ. ಅದನ್ನು ಹಾಗೇ ಎಣಿಸಿ ಕೊಟ್ಟರೆ ಸೇನೆಗೆ ನಷ್ಟ. ಪಿಕರಿಂಗ್ ತಮ್ಮ ಸಹೋದ್ಯೋಗಿಗೆ ಪತ್ರ ಬರೆದು ಸಾಮಾನು ತರಿಸುತ್ತಾರೆ: ಒಳ್ಳೆಯ ಕತ್ತರಿ ಒಂದು, ತೂತು ಮಾಡುವ ಉಳಿ ಒಂದೆರಡು, ಎರಡು ಮೂರು ಪೌಂಡ್ ತೂಗುವ ಸೀಸದ ಅಡಿಗಲ್ಲು ಒಂದು. ಜೊತೆಗೆ ಅಕ್ಕಸಾಲಿಗಳು ಬಿರಡೆಯನ್ನು ಕೂರಿಸುವುದು ಹೇಗೆಂದು ವಿಚಾರಿಸಿ ತಿಳಿಸಿ ಎಂದೂ ಕೇಳುತ್ತಾರೆ. ಅದೇ ಪತ್ರದಲ್ಲಿ, ಇದು ನಾಚಿಕೆಗೇಡಿನ ಕೆಲಸ, ಸರ್ಕಾರಿ ಅಧಿಕಾರಿಯ ಮೇಲೆ ಇಂಥ ಹೊರೆ ಹೊರಿಸುವುದು ನ್ಯಾಯವಲ್ಲ ಎಂದೂ ಬರೆಯುತ್ತಾರೆ.

ನನಗೆ ಆ ಪತ್ರ ತುಂಬ ದಿನ ತಲೆಯಲ್ಲಿ ಉಳಿಯಿತು. ನಾಚಿಕೆಯೂ ಇದೆ, ಕತ್ತರಿಯೂ ಬೇಕು! ನಾಚಿಕೆಯಾದ ಮೇಲೆ ಬಿಟ್ಟುಬಿಡಬೇಕಾಗಿತ್ತು ಎನ್ನುವವರು ಇರಬಹುದು. ಬಿಟ್ಟಿದ್ದರೆ ಆ ಮೂರು ಗುಲಗಂಜಿ ಎಲ್ಲಿಗೆ ಹೋಗುತ್ತಿತ್ತು? ಹೊಟ್ಟೆಗಿಲ್ಲದ ಸೈನಿಕನ ರೊಟ್ಟಿಯಿಂದ ಯಾವನೋ ವ್ಯಾಪಾರಿಯ ಜೇಬಿಗೆ. ತನ್ನ ಸ್ವಂತ ಹಣವಾಗಿದ್ದರೆ ಔದಾರ್ಯ ತೋರಿಸಬಹುದು. ಪರರ ಹಣದಲ್ಲಿ ಔದಾರ್ಯ ತೋರಿಸುವ ಹಕ್ಕು ಯಾರಿಗಿದೆ? ಹಾಗೆಂದು, ಎಲ್ಲರೂ ಕತ್ತರಿಸುತ್ತಾರೆ ಆದ್ದರಿಂದ ನಾನೂ ಕತ್ತರಿಸುತ್ತೇನೆ ಎನ್ನುವುದು ಕೇಳಲು ಅಷ್ಟೇನೂ ಚೆನ್ನಾಗಿಲ್ಲ. ಇದೇ ಮಾತನ್ನು ಲಂಚ ತೆಗೆದುಕೊಳ್ಳುವವನೂ ಹೇಳುತ್ತಾನೆ, ಹಾಲಿಗೆ ನೀರು ಬೆರೆಸುವವನೂ ಹೇಳುತ್ತಾನೆ.

ಈ ಎರಡಕ್ಕೂ ವ್ಯತ್ಯಾಸ ಎಲ್ಲಿದೆ? ಹಾಲಿಗೆ ನೀರು ಬೆರೆಸುವವನಿಗೆ ತನ್ನ ಹಾಲನ್ನು ಇನ್ನೊಬ್ಬರು ಅಳೆದು ನೋಡುವುದು ಬೇಡ. ಪಿಕರಿಂಗ್‌ಗೆ ಅಳೆದು ನೋಡಿದರೂ ಚಿಂತೆಯಿಲ್ಲ, ಕತ್ತರಿಸಿದ ಮೇಲೂ ಅವರ ನಾಣ್ಯ ಪಟ್ಟಿಯ ತೂಕಕ್ಕೆ ಸರಿಯಾಗಿಯೇ ಇರುತ್ತದೆ. ತಪ್ಪು ನಿಜವಾಗಿ ಇದ್ದದ್ದು ಹೆಚ್ಚಿನದಕ್ಕೂ ಸಾಕಾದಷ್ಟಕ್ಕೂ ಒಂದೇ ಬೆಲೆ ಕಟ್ಟಿದ ಆ ಪಟ್ಟಿಯಲ್ಲಿ. ಇಷ್ಟೆಲ್ಲ ತಿಳಿದ ಮೇಲೂ ಪಿಕರಿಂಗ್‌ಗೆ ನಾಚಿಕೆಯಾಯಿತಲ್ಲ, ಅದು ನನಗೆ ಮೆಚ್ಚುಗೆಯಾಯಿತು. ಸರಿಯಾದ ಲೆಕ್ಕವೊಂದು ಸಿಕ್ಕಿದೊಡನೆ ಮನಸ್ಸು ನಿರಾಳವಾಗಿಬಿಡುವವರನ್ನು ಕಂಡರೆ ನನಗೆ ಸ್ವಲ್ಪ ಭಯ.

ಒಂದೇ ಕೆಲಸ ಎಲ್ಲಿ ಮಾಡಿದರು, ಯಾರು ಮಾಡಿದರು ಎನ್ನುವುದರ ಮೇಲೆ ಪಾಪವೂ ಆಗುತ್ತದೆ, ಸೇವೆಯೂ ಆಗುತ್ತದೆ. ಇಂಗ್ಲೆಂಡಿನಲ್ಲಿ ರಾಜನ ನಾಣ್ಯದ ಅಂಚು ಕತ್ತರಿಸುವುದೂ ಖೋಟಾ ನಾಣ್ಯ ಮಾಡುವುದೂ ರಾಜದ್ರೋಹ. ಗಂಡಸಿಗೆ ನೇಣು. ಹೆಂಗಸಿಗೆ ಕಾನೂನು ಹೇಳಿದ ಶಿಕ್ಷೆ ಬೆಂಕಿ. 1789ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಮುಂದೆ ಖೋಟಾ ನಾಣ್ಯದ ಅಪರಾಧಕ್ಕಾಗಿ ಕ್ಯಾಥರೀನ್ ಮರ್ಫಿ ಎಂಬ ಹೆಂಗಸನ್ನು ಕೊರಳಿಗೆ ಹಗ್ಗ ಬಿಗಿದು ಕೊಂದು, ಬಳಿಕ ಸುಟ್ಟರು. ಅದೇ ಅಪರಾಧಕ್ಕೆ ಅವಳ ಗಂಡನಿಗೆ ಅದೇ ದಿನ ಬರೀ ನೇಣಾಯಿತು. ಮರುವರ್ಷ, 1790ರಲ್ಲಿ, ಹೆಂಗಸರನ್ನು ಸುಡುವ ಶಿಕ್ಷೆಯನ್ನು ರದ್ದುಮಾಡಿದರು. ಮರ್ಫಿ ಸತ್ತ ಮರುತಿಂಗಳೇ ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಚೆರ್ರಿ ಬೀದಿಯಲ್ಲಿ ಅವರ ನೆರೆಯವರಾಗಿದ್ದವರು ಎಫ್ರೇಮ್ ಬ್ರಾಶರ್ ಎಂಬ ಅಕ್ಕಸಾಲಿ. ಪರದೇಶದ ರಾಜರ ನಾಣ್ಯಗಳನ್ನು ಕತ್ತರಿಸಿ, ತೂತು ಕೊರೆದು, ತಮ್ಮ ಹೆಸರೊತ್ತುತ್ತಿದ್ದ ಇ.ಬಿ. ಇವರೇ. ವಾಷಿಂಗ್ಟನ್ನರ ಮನೆಗೆ ಬೆಳ್ಳಿ ಸಾಮಾನು ಕೊಂಡದ್ದೂ ಇವರಿಂದ. ಊರಿನ ಗೌರವಸ್ಥರು.

ಖೋಟಾ ನಾಣ್ಯವೂ ತೂಕ ಸರಿಪಡಿಸಿದ ನಾಣ್ಯವೂ ಒಂದೇ ಅಲ್ಲವೆಂದು ನನಗೂ ಗೊತ್ತು. ಆದರೂ ಆ ಎರಡು ಬೀದಿಗಳನ್ನು ಅಕ್ಕಪಕ್ಕ ಇಟ್ಟು ನೋಡದಿರಲು ನನ್ನಿಂದಾಗಲಿಲ್ಲ.

ಬ್ರಾಶರ್ ಒಬ್ಬರೇ ಈ ಕೆಲಸ ಮಾಡಿದವರಲ್ಲ. ನ್ಯೂಯಾರ್ಕಿನಲ್ಲಿ ಮೈಯರ್ ಮೈಯರ್ಸ್ ಎಂಬ ಯಹೂದಿ ಬೆಳ್ಳಿಗಾರರಿದ್ದರು. ಯಹೂದಿಗಳ ಪ್ರಾರ್ಥನಾಮಂದಿರಗಳಿಗೆ ಧರ್ಮಗ್ರಂಥದ ಸುರುಳಿಯ ತುದಿಗೆ ತೊಡಿಸುವ ಗೆಜ್ಜೆ ಕಟ್ಟಿದ ಬೆಳ್ಳಿಯ ಮಕುಟಗಳನ್ನು ಅತಿ ಸುಂದರವಾಗಿ ಮಾಡಿದವರು. ಅವರ ಹೆಸರಿನ ಮುದ್ರೆಯಿರುವ ನಾಣ್ಯವೂ ಉಂಟು. ಇವರೆಲ್ಲ ನೆಚ್ಚಿಕೊಂಡದ್ದು ಯಾವುದನ್ನು? ನಾಣ್ಯದ ಅಂಚಿನಲ್ಲಿ ಟಂಕಸಾಲೆಯವರು ಗೀರು, ಎಲೆ, ಬಳ್ಳಿಯಂಥ ಗುರುತು ಹಾಕುತ್ತಿದ್ದುದೇ ಯಾರಾದರೂ ಕತ್ತರಿಸಿದರೆ ಕಾಣಲಿ ಎಂದು. ಅದು ರಾಜನ ಜಾಮೀನು. ಅಂಚು ಕತ್ತರಿಸಿದೊಡನೆ ಆ ಜಾಮೀನು ಹೋಯಿತು. ಅದರ ಜಾಗಕ್ಕೆ ಬಂದದ್ದು ಪಕ್ಕದ ಬೀದಿಯ ಒಬ್ಬ ಅಕ್ಕಸಾಲಿಯ ಮಾತು: ಇದನ್ನು ನಾನು ಮುಟ್ಟಿದ್ದೇನೆ, ಇದರ ತೂಕಕ್ಕೆ ನಾನು ಹೊಣೆ. ಸಮುದ್ರದಾಚೆಯ ರಾಜನನ್ನು ಹೋಗಿ ಕೇಳುವುದಕ್ಕಾಗುತ್ತದೆಯೇ? ಚೆರ್ರಿ ಬೀದಿಯ ಬಾಗಿಲನ್ನು ತಟ್ಟಬಹುದು.

ನಮ್ಮ ಅತ್ತೆಯವರಿಗೆ ಮದುವೆಯಾದಂದಿನಿಂದ ಒಬ್ಬರೇ ಅಕ್ಕಸಾಲಿ. ಸರ ಮುರಿದರೂ ಅಲ್ಲಿಗೆ, ಓಲೆ ಅಳಿಸಿ ಬಳೆ ಮಾಡಿಸಬೇಕಾದರೂ ಅಲ್ಲಿಗೆ. “ಅವರು ತಿಂದರೂ ಎಷ್ಟು ತಿನ್ನುತ್ತಾರೆ ಅಂತ ನನಗೆ ಗೊತ್ತು ಕಣಮ್ಮ” ಎನ್ನುತ್ತಿದ್ದರು. ನಂಬಿಕೆಗೆ ಇದಕ್ಕಿಂತ ಪ್ರಾಮಾಣಿಕವಾದ ವ್ಯಾಖ್ಯಾನವನ್ನು ನಾನು ಕೇಳಿಲ್ಲ. 2021ರಿಂದ ನಮ್ಮ ದೇಶದಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಒಡವೆಯ ಒಳಬದಿಯಲ್ಲಿ ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಅಂಕಿ ಅಕ್ಷರ. ಒಳ್ಳೆಯದೇ ಆಯಿತು, ಮೋಸ ಕಡಿಮೆಯಾದೀತು. ಆದರೆ ಆ ಅಂಕಿಗೆ ಬಾಗಿಲಿಲ್ಲ. ಅಂದಹಾಗೆ, ನಮ್ಮ ಕರಾವಳಿಯವರು ಚಿನ್ನವನ್ನು ಲೆಕ್ಕ ಹಾಕುವ ಪವನು ಕೂಡ ಒಂದು ಪರದೇಶದ ನಾಣ್ಯವೇ. ಇಂಗ್ಲಿಷರ ಸವರನ್ನಿನ ತೂಕ ಅದು. ನಾಣ್ಯ ಹೋಗಿ ಎಂಟು ಗ್ರಾಮಿನ ತೂಕ ಮಾತ್ರ ನಮ್ಮ ಮದುವೆಯ ಮಾತುಕತೆಗಳಲ್ಲಿ ಉಳಿದುಕೊಂಡಿದೆ.

ಬಿರಡೆ ಹಾಕಿದ ನಾಣ್ಯದ ಬಗ್ಗೆ ಇನ್ನೊಂದು ಮಾತು. ಮೊದಮೊದಲು ನನಗೆ ಅವು ಪಾಪದ ವಸ್ತುಗಳಂತೆ, ತೇಪೆ ಹಾಕಿದ ಸೀರೆಯಂತೆ ಕಂಡವು. ಆದರೆ ಯೋಚಿಸಿ. ಯಾರೂ ಮುಟ್ಟದ, ನುಣುಪಾದ ನಾಣ್ಯ ಕೈಗೆ ಬಂದರೆ ಅದು ಸರಿಯಿದೆಯೋ, ಚೀಲದಲ್ಲಿ ಕುಲುಕಿ ಪುಡಿ ಉದುರಿಸಿಕೊಂಡದ್ದೋ ಎಂದು ತೂಗಿಯೇ ತಿಳಿಯಬೇಕು. ತೇಪೆಯ ನಾಣ್ಯ ತನ್ನ ಕೊರತೆಯನ್ನು ಎದುರಿಗೇ ತೋರಿಸಿ, ತುಂಬಿದವರ ಹೆಸರನ್ನೂ ಹೇಳುತ್ತದೆ. ಮೋಸ ಇಲ್ಲಿಯೂ ನುಸುಳಿತು, ಇಲ್ಲವೆನ್ನುವುದಿಲ್ಲ. ಚಿನ್ನ ಕೊರೆದು ತೆಗೆದು ಕೀಳು ಲೋಹ ತುಂಬುವವರೂ ಇದ್ದರು. ಹಾಗಾಗಿಯೇ ಮುದ್ರೆಯನ್ನು ಸಾಮಾನ್ಯವಾಗಿ ಬಿರಡೆಯ ನೆತ್ತಿಯ ಮೇಲೇ ಒತ್ತುತ್ತಿದ್ದುದು. ಎಲ್ಲಿ ಅನುಮಾನವೋ ಅಲ್ಲಿಯೇ ಹೆಸರು.

ಹೆಚ್ಚಾದದ್ದನ್ನು ಕತ್ತರಿಸು, ಕಡಿಮೆಯಾದದ್ದನ್ನು ತುಂಬು, ಚಲಾವಣೆಗೆ ಸರಿಮಾಡು. ಇದನ್ನು ಓದುತ್ತಿರುವ ನಿಮಗೆ ಬೇರೆ ಏನೋ ನೆನಪಾಗುತ್ತಿರಬಹುದು. ನನಗೂ ಆಯಿತು. ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಸಿದ್ಧಮಾಡುವಾಗ ನಡೆಯುವುದೂ ಇದೇ ತಾನೆ? ಮಾತು ಹೆಚ್ಚಾಯಿತು, ನಗು ಹೆಚ್ಚಾಯಿತು, ಓದು ಕೂಡ ಹುಡುಗನಿಗಿಂತ ಮೂರು ಗುಲಗಂಜಿ ಹೆಚ್ಚಾಯಿತು ಎಂದು ಕತ್ತರಿಯಾಡಿಸುತ್ತಾರೆ. ಆದರೆ ನಾಣ್ಯಕ್ಕೆ ನೋವಿಲ್ಲ. ಹೋಲಿಕೆಯನ್ನು ನಾನು ಇಲ್ಲಿಗೇ ಬಿಡುತ್ತೇನೆ.

ಏಕೆಂದರೆ ನೋವಿನ ವಿಚಾರ ಬಂದರೆ ಈ ನಾಣ್ಯಗಳ ಹುಟ್ಟಿಗೇ ಹೋಗಬೇಕಾಗುತ್ತದೆ. ಪೋರ್ಚುಗಲ್ಲಿನ ಚಿನ್ನ ಪೋರ್ಚುಗಲ್ಲಿನದಲ್ಲ. 1690ರ ದಶಕದಲ್ಲಿ ಬ್ರೆಜಿಲ್ಲಿನ ಒಳನಾಡಿನಲ್ಲಿ, ಈಗ ಮಿನಾಸ್ ಜೆರೈಸ್ ಎನ್ನುವ ಸೀಮೆಯಲ್ಲಿ, ಹೊಳೆಯ ಮರಳಿನಲ್ಲಿ ಚಿನ್ನ ಸಿಕ್ಕಿತು. ಆ ಹೆಸರಿನ ಅರ್ಥವೇ ಗಣಿಗಳು ಎಂದು. ನೀರಿನಲ್ಲಿ ನಿಂತು ಆ ಮರಳನ್ನು ಜಾಲಿಸಿದವರು ಆಫ್ರಿಕದಿಂದ ಹಡಗಿನಲ್ಲಿ ತುಂಬಿಕೊಂಡು ಬಂದ ಗುಲಾಮರು. ಅವರು ಜಾಲಿಸಿದ ಚಿನ್ನದ ಮೇಲೆ ಜೊವಾನ್‌ನ ಮುಖ ಕೂತಿತು, ಮುಂದೆ ಅವನ ಮಗ ಜೋಸೆಯ ಮುಖ, ಮೊಮ್ಮಗಳು ಮರಿಯಾ ರಾಣಿಯ ಮುಖ ಕೂತವು. ಅವು ಹಡಗು ಹತ್ತಿ ನ್ಯೂಯಾರ್ಕಿಗೆ ಬಂದವು. ಅಲ್ಲಿಯೂ ಗುಲಾಮರಿದ್ದರು. 1790ರ ಜನಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯವೊಂದರಲ್ಲೇ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಗುಲಾಮರ ಲೆಕ್ಕವಿದೆ. ಮನುಷ್ಯರನ್ನು ಕೊಳ್ಳುವಾಗಲೂ ಈ ತಕ್ಕಡಿಗಳೇ ಹೊರಬರುತ್ತಿದ್ದವು. ಒಂದು ಗ್ರೇನ್ ಕಡಿಮೆಯಾದರೆ ತಕರಾರು ಮಾಡುತ್ತಿದ್ದ ಜನ, ತಮ್ಮ ಪ್ರಾಮಾಣಿಕತೆಯ ಬಗ್ಗೆ ಯಾವ ಅನುಮಾನವೂ ಇಲ್ಲದವರು, ಆ ವ್ಯಾಪಾರದಲ್ಲಿ ನಾಣ್ಯದ ತೂಕ ಸರಿಯಿದೆಯೆಂದು ನೆಮ್ಮದಿಯಾಗಿ ಮನೆಗೆ ಹೋದರು.

ಇದನ್ನು ತಿಳಿದ ಮೇಲೆ ಬ್ರಾಶರ್ ಅವರ ಮುದ್ರೆಯನ್ನು ಮೊದಲಿನ ಹಾಗೆ ನೋಡಲು ನನಗೆ ಆಗಲಿಲ್ಲ. ಅವರು ಹೇಳಿದ್ದು ಸುಳ್ಳಲ್ಲ, ತೂಕ ಸರಿಯಾಗಿಯೇ ಇತ್ತು. ತಕ್ಕಡಿ ಎಷ್ಟು ಎಂದು ಕೇಳುತ್ತದೆ, ಎಲ್ಲಿಂದ ಎಂದು ಕೇಳುವುದಿಲ್ಲ. ಕೇಳಬೇಕಾದವರು ಹಿಡಿದವರು. ನನ್ನ ಕೊರಳಿನ ಎರಡೆಳೆ ಸರದ ಚಿನ್ನ ಯಾವ ಗಣಿಯದು, ಯಾರು ಅಗೆದದ್ದು ಎಂದು ನಾನು ಯಾವ ಅಂಗಡಿಯಲ್ಲೂ ಕೇಳಿದ್ದಿಲ್ಲ. ಕ್ಯಾರೆಟ್ ಕೇಳಿದ್ದೇನೆ, ಕೂಲಿ ಎಷ್ಟೆಂದು ಚೌಕಾಶಿ ಮಾಡಿದ್ದೇನೆ. ನೀವು ಕೇಳಿದ್ದರೆ ನನಗೆ ತಿಳಿಸಿ, ಅಂಗಡಿಯವರು ಏನು ಹೇಳಿದರೆಂದು ನಿಜವಾಗಿಯೂ ಕುತೂಹಲವಿದೆ.

ಆ ಕಾಲದ ಹೆಂಗಸರಿಗೆ ಈ ಪ್ರಶ್ನೆ ಕೇಳುವ ಅವಕಾಶವಾದರೂ ಇತ್ತೇ ಎಂದು ಯೋಚಿಸಿದೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಕಾನೂನಿನ ಪ್ರಕಾರ ಮದುವೆಯಾದವಳ ಕೈಯ ಹಣವೆಲ್ಲ ಗಂಡನದು, ಅವಳು ದುಡಿದದ್ದೂ ಸೇರಿ. ಸ್ತ್ರೀಧನ ಎಂಬ ಮಾತು ಅಲ್ಲಿ ಇರಲಿಲ್ಲ. ವಿಧವೆಯರು, ಮದುವೆಯಾಗದವರು ಮಾತ್ರ ತಮ್ಮ ಹೆಸರಿನಲ್ಲಿ ಅಂಗಡಿ ಇಟ್ಟು, ತಮ್ಮ ತಕ್ಕಡಿಯಲ್ಲಿ ತಮ್ಮದೇ ನಾಣ್ಯ ತೂಗಿದರು. ಗಂಡ ಸತ್ತ ಮೇಲೆ ಮೊದಲ ಬಾರಿಗೆ ಒಂದು ಹಾಫ್ ಜೋವನ್ನು ತನ್ನದೆಂದು ತಕ್ಕಡಿಗಿಟ್ಟವಳ ಮನಸ್ಸಿನಲ್ಲಿ ಏನಿದ್ದಿರಬಹುದು?

1792ರ ಕಾನೂನಿನಿಂದ ಫಿಲಡೆಲ್ಫಿಯದಲ್ಲಿ ಅಮೆರಿಕದ ಸ್ವಂತ ಟಂಕಸಾಲೆ ಬಂತು. ಅಲ್ಲಿನ ನೌಕರರು ಚಿನ್ನ ಬೆಳ್ಳಿಯಲ್ಲಿ ಮೋಸ ಮಾಡಿದರೆ ಮರಣದಂಡನೆ ಎಂದು ಅದರಲ್ಲಿ ಬರೆದಿತ್ತು. 1793ರ ಇನ್ನೊಂದು ಕಾನೂನು ಪಿಕರಿಂಗರ ನಾಚಿಕೆಗೆ ಉತ್ತರ ಹೇಳಿತು. ಇಂಗ್ಲೆಂಡ್, ಪೋರ್ಚುಗಲ್‌ಗಳ ಚಿನ್ನಕ್ಕೆ 27 ಗ್ರೇನಿಗೆ ಒಂದು ಡಾಲರ್ ಎಂದು ಬರೀ ತೂಕಕ್ಕೆ ಬೆಲೆ ಕಟ್ಟಿತು. ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಇನ್ನು ಕತ್ತರಿಸಿ ಯಾರಿಗೂ ಲಾಭವಿಲ್ಲ, ಬಿರಡೆ ಹಾಕಿಸುವ ಅಗತ್ಯವೂ ಇಲ್ಲ. 1795ರಲ್ಲಿ ದೇಶದ ಮೊದಲ ಚಿನ್ನದ ನಾಣ್ಯಗಳು ಹೊರಬಂದವು. ಪರದೇಶದ ನಾಣ್ಯಗಳಿಗಿದ್ದ ಕಾನೂನಿನ ಮಾನ್ಯತೆ ಪೂರ್ತಿ ಹೋದದ್ದು 1857ರಲ್ಲಿ. ಅಷ್ಟರಲ್ಲಿ ಬಿರಡೆಯ ನಾಣ್ಯಗಳು ಬಹುಪಾಲು ಕರಗಿ ಬೇರೆ ರೂಪ ಪಡೆದಿದ್ದವು.

ಬ್ರಾಶರ್ 1787ರಲ್ಲಿ ತಮ್ಮದೇ ಅಚ್ಚಿನಲ್ಲಿ ಕೆಲವು ಚಿನ್ನದ ನಾಣ್ಯಗಳನ್ನೂ ಮಾಡಿದ್ದರು. ಒಂದು ಬದಿಯಲ್ಲಿ ಬೆಟ್ಟದ ಹಿಂದೆ ಹುಟ್ಟುವ ಸೂರ್ಯ, ಇನ್ನೊಂದು ಬದಿಯಲ್ಲಿ ಹದ್ದು, ಹದ್ದಿನ ರೆಕ್ಕೆಯ ಮೇಲೆ ಅದೇ ಇ.ಬಿ. ಆಗ ಅದರ ಚಿನ್ನದ ಬೆಲೆ ಹದಿನೈದು ಡಾಲರಿನ ಆಸುಪಾಸು. 2021ರ ಜನವರಿಯ ಹರಾಜಿನಲ್ಲಿ ಅವುಗಳಲ್ಲೊಂದು 93 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ತೂಕಕ್ಕೆ ಕೊಟ್ಟ ಬೆಲೆ ಅದಲ್ಲವೆಂದು ಹೇಳಬೇಕಾಗಿಲ್ಲ. ತೂಕ ಸರಿಪಡಿಸಿದ ಹಳೆಯ ಜೋಗಳು ಅಷ್ಟು ದುಬಾರಿಯಲ್ಲ. ಅವುಗಳಲ್ಲಿ ಕೆಲವದರ ಬಿರಡೆಯ ಮೇಲಿರುವ ಅಕ್ಷರಗಳು ಯಾವ ಅಕ್ಕಸಾಲಿಯ ಹೆಸರಿನವೆಂದು ಈವರೆಗೆ ಯಾರೂ ಗುರುತಿಸಿಲ್ಲ. ತೂಗಿದರೆ ಮಾತ್ರ ಈಗಲೂ ಅವು 216 ಗ್ರೇನಿನ ಹತ್ತಿರಕ್ಕೇ ಬಂದು ನಿಲ್ಲುತ್ತವೆ.